ಸೇತುವೆ ದಾಟಿದೆ ಎಂದು ಬರೆದವಳು

ನಾನು ಬರೆದ ಒಂದೇ ಒಂದು ಸಾಲನ್ನು ನಂಬಿ ನಮ್ಮ ಭಾವ ಏಳು ವಾರ ತಮ್ಮ ಎಡಗೈಯನ್ನು ನಂಬದೆ ಕೂತಿದ್ದರು. ಅವರಿಗೆ ಉಳಿದಿದ್ದದ್ದೇ ಅದೊಂದು ಕೈ.

ಭಾವ ಎಂದರೆ ಅಕ್ಕನ ಗಂಡ. ಇಪ್ಪತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಪುಣ್ಯಕ್ಕೆ ನಾಲಿಗೆಗೆ ಏನೂ ಆಗಲಿಲ್ಲ, ಅಕ್ಕನನ್ನು ರೇಗಿಸುವುದು ಒಂದು ದಿನವೂ ನಿಲ್ಲಲಿಲ್ಲ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಹಿಂದೆ ಆಡುತ್ತಿದ್ದ ಒಂದು ಕಂಪ್ಯೂಟರ್ ಆಟವನ್ನು ಮತ್ತೆ ತೆಗೆದರು. ಕುದುರೆ ಏರಿ ಬೆಟ್ಟದ ಮೇಲಿನ ಮನೆಗಳಿಗೆ ಕಾಗದ ತಲುಪಿಸುವ ಆಟ. ಆಡಲು ಎರಡು ಕೈ ಬೇಕು. ಆಟ ತಯಾರಿಸಿದವರಿಗೆ ಬರೆದರು, ಉತ್ತರ ಬರಲಿಲ್ಲ. ಹಾಗಾದರೆ ನಾನೇ ಮಾಡುತ್ತೇನೆಂದು ಹಠ ಹಿಡಿದು ಮಾಡ್ ಮಾಡುವುದನ್ನು ಕಲಿತರು. ಮಾಡ್ ಎಂದರೆ ಯಾರೋ ಮಾಡಿದ ಆಟಕ್ಕೆ ಹೊರಗಿನವರು ಹಾಕುವ ತೇಪೆ. ಭಾವನ ತೇಪೆ ಹಾಕಿಕೊಂಡರೆ ಇಡೀ ಆಟವನ್ನು ಎಡಗೈ ಒಂದರಲ್ಲೇ ಆಡಬಹುದು.

ಅದನ್ನು ಜನರಿಗೆ ಕೊಡುವ ಮೊದಲು ಯಾರಾದರೂ ಆಡಿ ತಪ್ಪು ಹುಡುಕಬೇಕು. ಆ ಕೆಲಸದವರನ್ನು ಬೀಟಾ ಟೆಸ್ಟರ್ ಎನ್ನುತ್ತಾರೆ. ನಮ್ಮವರಲ್ಲಿ ಅದಕ್ಕೆ ನನಗಿಂತ ಲಾಯಕ್ಕಾದವರು ಇರಲಿಲ್ಲ. ನನ್ನದು ಜಿಪ್ ಕಾರ್ಖಾನೆಯ ಕೊನೆಯ ಮೇಜು. ಒಂದೊಂದು ಜಿಪ್ಪನ್ನೂ ಮೂರು ಸಲ ಎಳೆದು, ಹಲ್ಲು ಕೂರದ್ದನ್ನು ಕೆಂಪು ಡಬ್ಬಿಗೆ ಎಸೆಯುವುದೇ ನನ್ನ ಸಂಬಳದ ಕೆಲಸ. ಅಕ್ಕನ ಮನೆಗೆ ಹೋದರೂ ಈ ಚಾಳಿ ಬಿಡುವುದಿಲ್ಲ. ಅಕ್ಕ ಹಾಕಿದ ಪರದೆ ಓರೆ ಎನ್ನುತ್ತೇನೆ, ಬಾಗಿಲ ಚಿಲಕ ಸಡಿಲ ಎನ್ನುತ್ತೇನೆ. ಭಾವ ನನಗೆ ಇಟ್ಟ ಹೆಸರು ತಕರಾರು. ಟೆಸ್ಟರ್ ಆದ ಮೇಲೆ ಅದನ್ನೇ ಬಿರುದಿನಂತೆ ಕರೆಯತೊಡಗಿದರು, ನಾನೂ ಸ್ವಲ್ಪ ಉಬ್ಬಿದೆ.

ಭಾವನದು ಎರಡು ನಿಯಮ. ಚೆನ್ನಾಗಿದೆ ಎಂದು ಹೊಗಳಿ ಬರೆಯಬಾರದು. ಎಲ್ಲಿ ನಿಂತಿದ್ದೆ, ಏನು ಒತ್ತಿದೆ, ಏನಾಯಿತು, ಅಷ್ಟು ಬರೆಯಬೇಕು. ಎರಡನೆಯದು, ಆಡುವಾಗ ಬಲಗೈಯನ್ನು ಟವೆಲ್ಲಿನಿಂದ ಕುರ್ಚಿಗೆ ಕಟ್ಟಿಕೊಳ್ಳಬೇಕು. ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡರೆ ಅದು ತನಗೇ ಗೊತ್ತಿಲ್ಲದೆ ಸಹಾಯಕ್ಕೆ ಬಂದುಬಿಡುತ್ತದೆ ಎಂದು ಅವರ ವಾದ. ನಾಲ್ಕು ತಿಂಗಳು ರಜೆ ಇದ್ದಾಗಲೆಲ್ಲ ನನ್ನ ಬಾಡಿಗೆ ಕೋಣೆಯಲ್ಲಿ ಹೀಗೆ ಕಟ್ಟಿಕೊಂಡು ಕೂತೆ. ತೊಂಬತ್ತೆರಡು ತಪ್ಪು ಹುಡುಕಿದೆ. ಒಂದು ಕಡೆ ಕುದುರೆ ಗೋಡೆಯೊಳಗೆ ನಡೆದು ಹೋಗುತ್ತಿತ್ತು, ಇನ್ನೊಂದು ಕಡೆ ಕಾಗದ ಕೊಟ್ಟ ಮನೆಯವರೇ ಮತ್ತೆ ಮತ್ತೆ ಬಂದು ಕಾಗದ ಕೇಳುತ್ತಿದ್ದರು. ಭಾವ ಎಲ್ಲವನ್ನೂ ಸರಿಮಾಡಿದರು.

ಉಳಿದದ್ದು ತೂಗುಸೇತುವೆ. ಲಗಾಮು ಬಿಡದೆ ಹಿಡಿದೇ ಮುರಿದ ಹಲಗೆಯ ಮೇಲಿಂದ ಕುದುರೆಯನ್ನು ಹಾರಿಸಬೇಕು. ಆರು ಸಲ ಹೊಳೆಗೆ ಬಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೇಲಾಗಿ ನನ್ನ ಎಡಗೈ ಹುಟ್ಟಾ ದಡ್ಡ, ಅದರಲ್ಲಿ ನೆಟ್ಟಗೆ ಹಲ್ಲುಜ್ಜಲೂ ಬರುವುದಿಲ್ಲ. ತಪ್ಪು ನನ್ನ ಕೈಯದೇ, ಭಾವನ ಕೆಲಸದ್ದಲ್ಲ ಎಂದುಕೊಂಡು ಟವೆಲ್ ಬಿಚ್ಚಿದೆ. ಎರಡೂ ಕೈ ಹಾಕಿದ ತಕ್ಷಣ ಕುದುರೆ ಸಲೀಸಾಗಿ ಹಾರಿತು. ಮತ್ತೆ ಕೈ ಕಟ್ಟಿಕೊಂಡು ಮುಂದೆ ಆಡಿದೆ. ವರದಿಯಲ್ಲಿ, ಸೇತುವೆ ದಾಟಿದೆ, ತೊಂದರೆ ಇಲ್ಲ, ಎಂದು ಬರೆದೆ. ಬಿದ್ದ ಆರು ಸಲ ಬರೆಯಲಿಲ್ಲ. ನಾಚಿಕೆಯಾಗಿತ್ತು.

ಮಾಡ್ ಬಿಡುಗಡೆಯಾಯಿತು. ಎಲ್ಲೆಲ್ಲಿಯವರೋ ಹಾಕಿಕೊಂಡರು, ಹೊಗಳಿದರು. ಆದರೆ ಭಾವ ಕಂಪ್ಯೂಟರ್ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಜನರು ಬರೆಯುವುದನ್ನು ನೀನೇ ನೋಡಿಕೋ ಎಂದು ನನಗೆ ವಹಿಸಿದರು. ಕೆಲಸ ಮುಗಿದ ಆಯಾಸ ಇರಬೇಕು ಎಂದುಕೊಂಡೆ. ಒಂದು ದಿನ ಅಕ್ಕ ಫೋನ್ ಮಾಡಿದಳು. ಭಾವ ತಾವೇ ಗಡ್ಡ ಹೆರೆದುಕೊಳ್ಳುತ್ತಿದ್ದವರು ಈಗ ಅವಳ ಮುಂದೆ ಮುಖ ಒಡ್ಡುತ್ತಾರಂತೆ, ಅಂಗಿಯ ಗುಂಡಿಯನ್ನೂ ಅವಳೇ ಹಾಕಬೇಕಂತೆ, ವ್ಯಾಯಾಮದ ಕ್ಲಾಸಿಗೆ ಹೋಗುವುದಿಲ್ಲವಂತೆ.

"ಏನಾಗಿದೆ ಅಂತ ಕೇಳಿದ್ರೆ ಬಾಯೇ ಬಿಡಲ್ಲ ಕಣೇ," ಎಂದಳು. "ರೇಗ್ಸೋದೂ ಇಲ್ಲ. ನನಗೆ ಭಯ ಆಗ್ತಿದೆ."

ನಾನು ಬಂದು ಮಾತಾಡುತ್ತೇನೆ ಎಂದವಳು ಕಾರ್ಖಾನೆಯ ಗಡಿಬಿಡಿಯಲ್ಲಿ ಹೋಗಲೇ ಇಲ್ಲ. ಮೂರು ವಾರದ ಮೇಲೆ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಜನರು ಬರೆದದ್ದನ್ನು ಫೋನಿನಲ್ಲಿ ನೋಡುತ್ತಿದ್ದೆ. ಯಾವುದೋ ಊರಿನ ಟೈಲರ್ ಒಬ್ಬಳು ಬರೆದಿದ್ದಳು. ಅಪಘಾತದಲ್ಲಿ ಬಲಗೈ ಕಳೆದುಕೊಂಡವಳು. ಸೇತುವೆಯ ಹತ್ತಿರ ನಲವತ್ತು ಸಲ ಬಿದ್ದಿದ್ದಾಳೆ. ಲಗಾಮು ಹಿಡಿದಿರುವಾಗ ಎಡಗೈಗೆಂದು ಇಟ್ಟ ಹಾರುವ ಗುಂಡಿ ಕೆಲಸ ಮಾಡುವುದಿಲ್ಲ, ಕೀಬೋರ್ಡಿನ ಆ ತುದಿಯ ಹಳೆಯ ಗುಂಡಿಯೇ ಬೇಕೆಂದು ಕಾಣುತ್ತದೆ, ಅದು ಒಂದು ಕೈಗೆ ನಿಲುಕುವುದಿಲ್ಲ. ಕೊನೆಯಲ್ಲಿ, ಬೇರೆಯವರೆಲ್ಲ ದಾಟಿದ್ದಾರೋ ಏನೋ, ನನ್ನ ಕೈಯದೇ ತಪ್ಪಿದ್ದರೆ ಕ್ಷಮಿಸಿ, ಎಂದಿತ್ತು.

ಊಟದ ಡಬ್ಬಿ ಮುಚ್ಚಿದೆ. ಮೇಲ್ವಿಚಾರಕನಿಗೆ ತಲೆನೋವು ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ.

ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಭಾವ ಕಿಟಕಿಯ ಹತ್ತಿರ, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಟೈಲರಮ್ಮ ಬರೆದದ್ದನ್ನು ಓದಿ ಹೇಳಿದೆ. ಆಮೇಲೆ ಟವೆಲ್ ಬಿಚ್ಚಿದ್ದನ್ನೂ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವರು ಮಡಿಲಲ್ಲಿದ್ದ ಕೈಯನ್ನೇ ನೋಡುತ್ತ, "ನಾನೂ ಬಿದ್ದೆ," ಎಂದರು. "ಬಿಡುಗಡೆ ಹಿಂದಿನ ದಿನ. ಹದಿನೇಳು ಸಲ. ನೀನು ದಾಟಿದೀನಿ ಅಂತ ಬರ್ದಿದ್ದೆ. ನೀನು ಸುಳ್ಳು ಬರ್ಯಲ್ಲ. ಅದಕ್ಕೆ ಈ ಕೈನೂ ಹೋಗ್ತಿದೆ ಅಂದ್ಕೊಂಡೆ."

ಇನ್ನೊಂದು ಕಡೆಯೂ ಲಕ್ವ ಹೊಡೆಯಬಹುದು, ಹುಷಾರಾಗಿರಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದೇ ಬಂದಿತೆಂದು ಇವರು ಒಬ್ಬರೇ ತೀರ್ಮಾನಿಸಿ, ಅಕ್ಕನಿಗೂ ಹೇಳದೆ, ಮುಂದಿನ ದಿನಗಳಿಗೆ ತಯಾರಾಗುತ್ತಿದ್ದರು.

"ಡಾಕ್ಟರ್ ಹತ್ರ ಹೋಗ್ಬಹುದಿತ್ತಲ್ಲ ಭಾವ?"

"ಹೋದ್ರೆ ಅವ್ರು ಹೌದು ಅಂದ್ಬಿಟ್ರೆ?"

ಆಮೇಲೆ ಕಂಪ್ಯೂಟರ್ ಹಾಕಲು ಹೇಳಿದರು. ನನ್ನ ಬಲಗೈಯನ್ನು ಕುರ್ಚಿಗೆ ಕಟ್ಟಿದವರು ಅವರೇ, ಎಡಗೈಯಿಂದ, ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು. ನಾನು ಆಡಿದೆ, ಬಿದ್ದೆ. ಇನ್ನೊಂದು ಸಲ ಎಂದರು. ಬಿದ್ದೆ. ಹೀಗೆ ಹದಿನೇಳು ಸಲವೂ ಬೀಳಿಸಿದರು. ಒಂದೊಂದು ಸಲ ಕುದುರೆ ಹೊಳೆಗೆ ಉರುಳಿದಾಗಲೂ ಅವರ ಉಸಿರು ಸ್ವಲ್ಪ ಸ್ವಲ್ಪ ಸಲೀಸಾಗುವುದು ನನ್ನ ಕಿವಿಗೆ ಬೀಳುತ್ತಿತ್ತು. ಹದಿನೇಳನೆಯದು ಮುಗಿದಾಗ ತಿರುಗಿ ನೋಡಿದೆ. ಭಾವ ಅಳುತ್ತಿದ್ದರು. ನನಗೂ ಅಳು ಬಂತು, ಆದರೆ ಅವರ ಎದುರು ಅಳುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ನನ್ನ ಕಟ್ಟು ಬಿಚ್ಚದೆಯೇ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. ಟೈಲರಮ್ಮನಿಗೆ ಉತ್ತರ ಬರೆಯತೊಡಗಿದರು. ಎಡಗೈಯ ಬೆರಳು ಎಲ್ಲೂ ತಡವರಿಸಲಿಲ್ಲ. ಮುಗಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿ, ತಪ್ಪಿದೆಯೇ ನೋಡು ಎಂದರು. ನೋಡಿದೆ. ಏನೂ ಇಲ್ಲ, ಕಳಿಸಿ ಎಂದೆ.

"ನಿಜವಾಗ್ಲೂ ಓದಿದ್ಯಾ?" ಎಂದು ಕೇಳಿದರು. ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಸುಮ್ಮನೆ ಕೇಳಿದರು.

ಅಷ್ಟರಲ್ಲಿ ಅಕ್ಕ ಖಾಲಿ ಬಕೆಟ್ ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ಕಟ್ಟಿದ ನನ್ನ ಕೈಯನ್ನೂ ಗಂಡನ ಒದ್ದೆ ಮುಖವನ್ನೂ ನೋಡಿ, ಏನಾಯಿತು ಎಂದಳು. ನಾನು ಅವಳ ಕಡೆ ನೋಡದೆ ಪರದೆಯ ಮೇಲಿದ್ದದ್ದನ್ನು ಮೊದಲಿನಿಂದ, ಗಟ್ಟಿಯಾಗಿ ಓದಿದೆ:

"ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ. ನನ್ನ ಕೈಯಲ್ಲೂ ಇಲ್ಲ. ಪರೀಕ್ಷೆ ಮಾಡಿದವರು ಆ ಸೇತುವೆಯನ್ನು ಎರಡು ಕೈಯಿಂದ ದಾಟಿ, ಒಂದೇ ಕೈಯಿಂದ ದಾಟಿದೆ ಎಂದು ನಮಗೆ ಹೇಳಿದ್ದರು."