ಅರೆಕೆರೆ ಬೈರಣ್ಣನ ಆರ್‌ಡಿ ಮತ್ತು ನನ್ನ ಮಾನ

ಕಾರ್ಬೊರೇಟರ್ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ಹದಿನೈದು ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ಈ ಅನಂತರಾಮು ಕೈಯಿಟ್ಟ ಮೇಲೆ ಗಾಡಿ ಓಡಲೇಬೇಕು. ಅಂಥವನ ಮಾನವನ್ನು ತೊಂಬತ್ತೆಂಟರ ಅಕ್ಟೋಬರಿನಲ್ಲಿ ಒಂದು ಹಳೇ ಆರ್‌ಡಿ ಬೈಕು ಮೂರು ಕಾಸಿಗೆ ಹರಾಜು ಹಾಕಿತು.

ಗಾಡಿ ಅರೆಕೆರೆಯ ಗೆಳೆಯ ಬೈರಣ್ಣನದು. ಒಂದೇ ಕಿಕ್ಕಿಗೆ ಶುರುವಾಗಿ, ಮೂರು ಕಿಲೋಮೀಟರು ಹಾರಿ, ಆಮೇಲೆ ಪೆಟ್ರೋಲ್ ಸಿಗದೆ ಕೆಮ್ಮಿ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ. ಎರಡೂ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲ್ ಹಾಯುವ ಜೆಟ್ ಊದಿದೆ, ಪೈಪು ಬದಲಿಸಿದೆ. ಊಹೂಂ. ಸೀಮೆಎಣ್ಣೆ ಬೆರೆಸಿದ್ದಾರೆಂದು ಬಂಕಿನವರಿಗೂ ಬೈದು ಬಂದೆ.

ಹಿಂದಿನ ಭಾನುವಾರ ಬನಶಂಕರಿ ದೇವಸ್ಥಾನದ ಹತ್ತಿರ ಗಾಡಿ ನಿಂತು, ಬೈರಣ್ಣನ ಹೆಂಡತಿ ಮುನಿವೆಂಕಟಮ್ಮ ರೇಷ್ಮೆ ಸೀರೆಯಲ್ಲೇ ತಳ್ಳಿದ್ದಳು. ಇನ್ನೊಂದು ಸಲ ನಿಂತರೆ ಮಾರಿಬಿಡುತ್ತೇನೆಂದು ಅವನು ಅಲ್ಲೇ ಆಕೆಗೆ ಮಾತು ಕೊಟ್ಟಿದ್ದ.

"ಮದ್ವೆಗಿಂತ ಮುಂಚೆ ತಗೊಂಡಿದ್ದು ಕಣೋ. ಉಳಿಸ್ಕೊಡು ಗುರು" ಎಂದ ಬೈರಣ್ಣ, ಗ್ಯಾರೇಜಿಗೆ ಬಂದು.

ಅವನನ್ನು ಹಿಂದೆ ಕೂರಿಸಿಕೊಂಡು ನಾನೇ ಓಡಿಸಿದೆ. ಗಿರಿನಗರ ಮುಟ್ಟುವಷ್ಟರಲ್ಲಿ ಕೆಮ್ಮಿತು, ನಿಂತಿತು.

"ಆಯ್ತು ಬಿಡು. ಮಾತು ಅಂದ್ರೆ ಮಾತು" ಎಂದು ಬೈರಣ್ಣ ಫುಟ್‌ಪಾತ್ ಮೇಲೆ ಕುಸಿದ.

ಪೆಟ್ರೋಲಾದರೂ ಇದೆಯೋ ನೋಡೋಣವೆಂದು ಸಿಟ್ಟಿನಲ್ಲಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಕಿಕ್ ಹೊಡೆದೆ, ತಕ್ಷಣ ಓಡಿತು! ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತಿರುತ್ತದೆ. ಅದು ಕಟ್ಟಿಕೊಂಡರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಉಗುರಿನಲ್ಲಿ ಕೆರೆದರೆ ಒಣಗಿದ ಗಂಧ, ಅದರ ಮೇಲೆ ಕುಂಕುಮ.

"ಯಾವ ದರಿದ್ರದೋನೋ ಇಲ್ಲಿ ಬಳ್ದಿದ್ದು?"

"ನೀನೇ ಕಣೋ! ಆಯುಧಪೂಜೆ ದಿನ, ನಿನ್ ಗ್ಯಾರೇಜಲ್ಲೇ. ದೃಷ್ಟಿ ಆಗ್ಬಾರ್ದು ಅಂತ ಹೆಬ್ಬೆಟ್ಟಲ್ಲಿ ಒತ್ತಿ ಒತ್ತಿ ಇಟ್ಯಲ್ಲೋ."

ಉಗುರಿಗಂಟಿದ ಕುಂಕುಮವನ್ನು ಪ್ಯಾಂಟಿಗೆ ಒರೆಸಿಕೊಂಡೆ. ಗಾಡಿ ಓಡಿದರೂ ಬೈರಣ್ಣನ ಮುಖ ಇನ್ನೂ ಅರಳಲಿಲ್ಲ. ಗಾಡಿ ನಿಂತದ್ದಂತೂ ನಿಜ, ಹೆಂಡತಿಗೆ ಸುಳ್ಳು ಹೇಳುವ ಜಾಯಮಾನ ಅವನದಲ್ಲ.

ಸೀದಾ ಅರೆಕೆರೆಗೆ ಹೋದೆವು. ಬಾಗಿಲಲ್ಲೇ ನಿಂತು ತಪ್ಪೊಪ್ಪಿಕೊಂಡೆ. ಜನ್ಮದಲ್ಲಿ ಮೊದಲ ಸಲ.

"ಗಾಡೀದೇನೂ ತಪ್ಪಿಲ್ಲ ಅಕ್ಕ. ತೂತು ಮುಚ್ಚಿದ್ದು ನಾನೇ."

ಮುನಿವೆಂಕಟಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಂಗಾದ್ರೆ ಗಾಡಿ ಇರ್ಲಿ, ಮಾರ್ಬೇಕಾಗಿರೋದು ನಿನ್ನ" ಎಂದಳು. "ಆದ್ರೆ ಯಾರ್ ತಗೋತಾರಪ್ಪ?"