ಬಾವಿ ನೀರಿನ ಹಳದಿ

ಹಿತ್ತಲಿನ ಹಗ್ಗದ ಮೇಲೆ ನೆರಳಲ್ಲಿ ಒಣಗುತ್ತಿದ್ದ ಹಳದಿ ಬಟ್ಟೆಗಳ ಸಾಲು ಬೀದಿಗೂ ಕಾಣುತ್ತಿತ್ತು. ಒಂದಕ್ಕೂ ಇನ್ನೊಂದಕ್ಕೂ ಬಣ್ಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಅದು ನನ್ನ ಅಕ್ಕ ಶಂಕರಿಯ ಕೈಕೆಲಸ. ಆಗ ನಾನು ಅವಳಿಗೆ ಜೊತೆಯಾಗಿರಲು ಹೋಗಿದ್ದೆ. ಅವಳ ಗಂಡ ಸಾಂಬಯ್ಯ, ಒಂದೇ ಮನೆಯಲ್ಲಿದ್ದ ತಮ್ಮ ಸ್ವಂತ ಅಣ್ಣನಲ್ಲಿ ಮನೆಯ ಪಾಲು ಕೇಳಿ ಜಗಳವಾಗಿ, ಬೇರೆ ಊರಿನಲ್ಲಿ ಕೆಲಸ ಹುಡುಕುತ್ತೇನೆಂದು ನಸುಕಿನಲ್ಲೇ ಸೈಕಲ್ ಹತ್ತಿ ಹೊರಟವರು. ಅವರು ಸೇತುವೆ ದಾಟಿದ್ದನ್ನು ಕಣ್ಣಾರೆ ಕಂಡೆನೆಂದು ಆ ಅಣ್ಣ ಕೊಟ್ರಯ್ಯನವರು ಎಲ್ಲರಿಗೂ ಹೇಳಿದ್ದರು. ತಿಂಗಳುಗಳು ಕಳೆದರೂ ಸುದ್ದಿಯಿರಲಿಲ್ಲ. ಅಕ್ಕ ಕಾಯುತ್ತಿದ್ದಳು.

ಬಣ್ಣದ ವಿಷಯದಲ್ಲಿ ಅವಳು ಅಂದಾಜನ್ನು ನಂಬುತ್ತಿರಲಿಲ್ಲ. ಒಣಬಟ್ಟೆಯನ್ನು ತೂಗಿ, ಅದಕ್ಕೆ ತಕ್ಕಷ್ಟೇ ದಾಳಿಂಬೆ ಸಿಪ್ಪೆ, ಪಟಿಕ ಹಾಕುವಳು. ಜಿಡ್ಡು ಹೋಗುವಂತೆ ಒಗೆದು, ಪೂರ್ತಿ ನೆನೆಸಿದ ಮೇಲೆಯೇ ಬಟ್ಟೆಯನ್ನು ಬಣ್ಣಕ್ಕೆ ಇಳಿಸಿ, ಕೈಬಿಡದೆ ತಿರುವುವಳು. ಗಡಿಗೆ ಮಣ್ಣಿನದು, ಕೋಲು ಮರದ್ದು, ನೀರು ಹಿತ್ತಲ ಬಾವಿಯದು. ಕಬ್ಬಿಣ ಸೋಕಿದರೆ ಹಳದಿ ಕಪ್ಪಿಗೆ ತಿರುಗುತ್ತದೆಂದು ನನ್ನ ಸೆರಗಿನ ಪಿನ್ನನ್ನೂ ತೆಗೆಸಿದ್ದಳು.

ಆದರೆ ಒಂದು ಸಲ ಹಗ್ಗದ ಮೇಲೆ ತೂಗಿದ್ದು ಬೂದು ಬಣ್ಣ. ಸೀರೆ ಒಯ್ಯಲು ಬಂದ ಪಕ್ಕದ ಮನೆಯ ಹಾಲಮ್ಮ, "ಅರಿಶಿನ ಕೇಳಿದ್ರೆ ಬೂದಿ ಕೊಡ್ತೀಯಲ್ಲೇ," ಎಂದು ನಕ್ಕಳು. ಅಕ್ಕ ನಗಲಿಲ್ಲ. ಸಿಪ್ಪೆ ಬದಲಿಸಿದಳು, ಪಟಿಕ ಬದಲಿಸಿದಳು, ಗಡಿಗೆಯನ್ನೂ ಬದಲಿಸಿದಳು. ಕೊನೆಗೆ ಒಂದೇ ಬಟ್ಟೆಯನ್ನು ಎರಡಾಗಿ ಹರಿದು, ಒಂದಕ್ಕೆ ಹೊಳೆಯ ನೀರಿನಲ್ಲೂ ಇನ್ನೊಂದಕ್ಕೆ ಬಾವಿಯ ನೀರಿನಲ್ಲೂ ಬಣ್ಣ ಹಾಕಿದಳು. ಹೊಳೆಯದು ಹಳದಿಯಾಯಿತು. ಬಾವಿಯದು ಬೂದಾಯಿತು.

ಆ ಎರಡು ತುಂಡುಗಳನ್ನು ಕಂಡ ಕೊಟ್ರಯ್ಯನವರು, ಬಾವಿ ಹಾಳಾಗಿದೆ, ನಾಳೆಯೇ ಮಣ್ಣು ತರಿಸಿ ಮುಚ್ಚಿಸುತ್ತೇನೆ ಎಂದರು. ಮಾತನಾಡುವಾಗ ಅವರು ಒಮ್ಮೆಯೂ ಬಾವಿಯ ಕಡೆ ನೋಡಲಿಲ್ಲ.

ಅವರು ಹೊರಗೆ ಹೋದದ್ದೇ ತಡ, ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಅಕ್ಕ ಹಾಲಮ್ಮನ ಮನೆಯಿಂದ ತಂದಳು. ಏನು ಹುಡುಕುತ್ತೀಯೆಂದು ಕೇಳಿದೆ.

"ಕಬ್ಬಿಣ," ಎಂದಳು.

ಬಾವಿಗೆ ಇಳಿಬಿಟ್ಟ ಕೊಕ್ಕೆಗೆ ಏನೋ ಸಿಕ್ಕಿತು. ಇಬ್ಬರೂ ಜಗ್ಗಿದೆವು. ನೀರಿನಿಂದ ತುಕ್ಕು ಹಿಡಿದ ಹ್ಯಾಂಡಲ್ ಮೇಲೆದ್ದಿತು, ಆಮೇಲೆ ಸೀಟು. ಹಿಂದೆ ಹೆಜ್ಜೆಯ ಸದ್ದಾಯಿತು. ಕೊಟ್ರಯ್ಯನವರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

"ಬಿಟ್ಬಿಡಮ್ಮ ಅದನ್ನ," ಎಂದರು, ಮೆಲ್ಲಗೆ.

"ಭಾರ ಇದೆ ಭಾವ," ಎಂದಳು ಅಕ್ಕ, ತಿರುಗದೆ. "ಬಂದು ಒಂದು ಕೈ ಹಾಕಿ."

ಅವರು ಬರಲಿಲ್ಲ.

ಸೈಕಲ್ಲನ್ನು ಬಾವಿಕಟ್ಟೆಗೆ ಒರಗಿಸಿ, ಅಕ್ಕ ಕ್ಯಾರಿಯರಿನಲ್ಲಿದ್ದ ಬಟ್ಟೆಯ ಗಂಟಿಗೆ ಕೈ ಹಾಕಿದಳು. ಗಂಡ ಹೊರಟ ದಿನ ನಸುಕಿನಲ್ಲಿ, ತಾನು ಬಣ್ಣ ಹಾಕಿದ ಬಟ್ಟೆಯಲ್ಲಿ ಅವಳೇ ಕಟ್ಟಿಕೊಟ್ಟ ಗಂಟು ಅದು, ಯಾರೂ ಬಿಚ್ಚಿರಲಿಲ್ಲ. ಹೊರಮೈಯೆಲ್ಲ ಕಪ್ಪಾಗಿತ್ತು. ಅವಳು ಉಗುರಿನಿಂದ ಬಿಡಿಸುತ್ತ ಹೋದಂತೆ, ಬಿಗಿದ ಮಡಿಕೆಯ ಒಳಗೆ, ಒಂದು ಬೆರಳಗಲ ಹಳದಿ ಹಾಗೆಯೇ ಉಳಿದಿತ್ತು.