ಕರೆದರೂ ಹೋಗದವಳು

ಕರಡಕ್ಕ ಕುರ್ಚಿಗೆ ಬೆನ್ನು ಆನಿಸಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅಂಚಿನ ನಾಲ್ಕು ಬೆರಳಗಲವಷ್ಟೇ ತನ್ನ ಪಾಲು, ಈಗಲೋ ಆಗಲೋ ಯಾರಾದರೂ ಬಂದು ಎಬ್ಬಿಸುತ್ತಾರೆ ಎಂಬಂತಿತ್ತು ಆ ಕೂರುವಿಕೆ. ಹದಿನಾರು ವರ್ಷ ಮುದ್ರಣಾಲಯದಲ್ಲಿ ಪಂಡಿತರ ಗ್ರಂಥಗಳ ಕರಡು ತಿದ್ದುತ್ತ ಆ ಅಡ್ಡಹೆಸರು ಪಡೆದು, ತಿದ್ದಿದ್ದರಿಂದಲೇ ಕಲಿತು, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ನಾಡಿನ ಅತಿ ಪ್ರತಿಷ್ಠಿತ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಸೇರಿದವಳು. ಮೈಮೇಲೆ ಅಣ್ಣನ ಕಂದು ಕೋಟು, ತೋಳಿಗೆ ಎರಡು ಮಡಿಕೆ.

"ಏನೇ, ಬೆನ್ನು ಒರಗಿಸಿದ್ರೆ ನಿಮ್ಮ ದೊಡ್ಡ ಕಾಲೇಜಲ್ಲಿ ಫೀಸು ಜಾಸ್ತಿನಾ?" ಎಂದು ಅಣ್ಣ ರೇಗಿಸುತ್ತಿದ್ದ.

ಅವಳ ಹೊಟ್ಟೆಗೆ ಕಿಚ್ಚಿಟ್ಟವಳು ಸಹಪಾಠಿಯಾದ ನ್ಯಾಯಾಧೀಶರ ಮಗಳು. ಆ ಹುಡುಗಿಯ ಉಡುಪಲ್ಲ, ಕಾರಲ್ಲ. ಪ್ರಾಧ್ಯಾಪಕರು ಪ್ರಶ್ನೆ ಹಾಕಿದಾಗ "ಓದಿಲ್ಲ ಸರ್, ಗೊತ್ತಿಲ್ಲ" ಎಂದು ತಾನೂ ನಕ್ಕು ಅವರನ್ನೂ ನಗಿಸುವ ಆ ನಿರಾಳ. ಅಡಿಟಿಪ್ಪಣಿಯನ್ನೂ ಬಿಡದೆ ಓದಿ ಬರುತ್ತಿದ್ದ ಕರಡಕ್ಕನಿಗೆ, 'ಗೊತ್ತಿಲ್ಲ' ಎಂಬ ಆ ಸಿರಿವಂತರ ಮಾತು ಒಂದು ಸಲವೂ ಬಾಯಿಗೆ ಬರಲಿಲ್ಲ. ಹುಡುಗಿ ಕೆಟ್ಟವಳಾಗಿದ್ದರೆ ಅಸೂಯೆಗೆ ನೆಪವಾದರೂ ಸಿಗುತ್ತಿತ್ತು, ಅವಳೋ, ಒಳ್ಳೆಯವಳು.

"ನನ್ನ ಕೋಣೆ ಬಾಗಿಲು ತೆರೆದೇ ಇರುತ್ತೆ, ಯಾವಾಗ ಬೇಕಾದ್ರೂ ಬನ್ನಿ" ಎಂದು ಪ್ರಾಧ್ಯಾಪಕರು ಮೊದಲ ದಿನವೇ ಎಲ್ಲರಿಗೂ ಹೇಳಿದ್ದರು. ಮುದ್ರಣಾಲಯದಲ್ಲಿ ಯಜಮಾನರು ಹಾಗೆಂದರೆ, ಹೋಗದಿರುವುದೇ ಮರ್ಯಾದೆ ಎಂದು ಕರಡಕ್ಕ ಕಲಿತಿದ್ದಳು. ಹುಡುಗಿ ಮಾತ್ರ ಚಪ್ಪಲಿ ಎಳೆಯುತ್ತ ದಿನವೂ ಹೋದಳು.

"ಅಕ್ಕಾ, ನೀವೂ ಬನ್ನಿ. ಸರ್ ಟೀ ಚೆನ್ನಾಗಿ ಮಾಡ್ತಾರೆ."

"ಇರಲಿ ಕಣಮ್ಮ, ಅವರಿಗ್ಯಾಕೆ ಸುಮ್ನೆ ತೊಂದರೆ" ಎಂದು ಕರಡಕ್ಕ ಗ್ರಂಥಾಲಯಕ್ಕೆ ನಡೆದಳು. ಎರಡು ವರ್ಷವೂ ಹೀಗೆಯೇ.

ಸಂಶೋಧನೆಗಿದ್ದದ್ದು ಒಂದೇ ಸ್ಥಾನ. ಅದಕ್ಕೆಂದೇ ಅವಳು ಇದ್ದ ಕೆಲಸ ಬಿಟ್ಟು ಬಂದದ್ದು. ಅಂಕಗಳಲ್ಲಿ ಅವಳೇ ಮೊದಲು. ಪ್ರಾಧ್ಯಾಪಕರ ಶಿಫಾರಸು ಹುಡುಗಿಗೆ ಹೋಯಿತು, ಸ್ಥಾನವೂ ಅದರ ಹಿಂದೆಯೇ. ಅಂದು ಕರಡಕ್ಕ ಮೊದಲ ಬಾರಿ ಆ ತೆರೆದ ಬಾಗಿಲಲ್ಲಿ ಹೋಗಿ ನಿಂತಳು. ಅವರು ನಿಜಕ್ಕೂ ಚಕಿತರಾದರು.

"ನೀವು ಒಂದು ದಿನವೂ ಬರಲಿಲ್ವಲ್ಲಮ್ಮ! ಆಸಕ್ತಿ ಇಲ್ಲ ಅಂದ್ಕೊಂಡೆ."

"ಓದ್ತಾ ಇದ್ದೆ, ಸರ್" ಎಂದಳು.

ಯಾವ ಮಹಾಸಂಸ್ಥೆಗೆ ಹೋಗಿ ನೋಡಿದರೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ: ಬರೆದಿಟ್ಟ ನಿಯಮಗಳನ್ನೆಲ್ಲ ಶಿರಸಾ ಪಾಲಿಸಿ, ಯಾರೂ ಬರೆದಿಡದ ಒಂದೇ ಒಂದಕ್ಕೆ ಸೋಲುವವರು. ಅವರ ಹೊಟ್ಟೆಕಿಚ್ಚನ್ನು ಸಣ್ಣತನವೆಂದು ಮೂಗು ಮುರಿಯುವವರು, ಆ ಬರೆಯದ ನಿಯಮವನ್ನು ತಮಗೆ ಯಾರು, ಯಾವ ಮನೆಯ ಊಟದ ಮೇಜಿನಲ್ಲಿ ಕಲಿಸಿದರೆಂದು ಮೊದಲು ಹೇಳಲಿ.